ಬಲಗಡೆಯ ಡಿಸ್ಕ್

ಬ್ರೇಕ್ ಕೆಲಸ ಕಲಿಯಲು ಬರುವ ಹುಡುಗರು ನನ್ನನ್ನು ಮೊದಲು ಕೇಳುವುದು ಯಾವ ಕಂಪನಿಯ ಪ್ಯಾಡ್ ಒಳ್ಳೆಯದು ಎಂದು. ಈ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ ಮೈ ಉರಿಯುತ್ತದೆ. ಗಾಡಿ ಎಷ್ಟು ತೂಕದ್ದು, ಯಾವ ದಾರಿಯಲ್ಲಿ ಓಡುತ್ತದೆ, ಯಾರು ಓಡಿಸುತ್ತಾರೆ, ಯಾರು ತೊಳೆಯುತ್ತಾರೆ, ಇದ್ಯಾವುದನ್ನೂ ವಿಚಾರಿಸದೆ ಡಬ್ಬಿಯ ಬಣ್ಣ ನೋಡಿ ಪ್ಯಾಡ್ ಆರಿಸುವವನು ಬೇರೆ ಏನಾದರೂ ಮಾರಿಕೊಂಡಿರಲಿ, ಬ್ರೇಕ್ ಮುಟ್ಟುವುದು ಬೇಡ.

ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿ ನನ್ನ ಶೆಡ್ಡು ಇತ್ತು. ಮಂಡಿ ಕೈಕೊಟ್ಟ ಮೇಲೆ ಹೋದ ವರ್ಷ ಬಾಗಿಲು ಹಾಕಿದೆ. ಊರಿನ ಮೆಕ್ಯಾನಿಕರೆಲ್ಲ ಸೇರಿ ಶಾಲು ಹೊದಿಸಿದರು. ಅವರಲ್ಲೊಬ್ಬ ಮೈಕು ಹಿಡಿದು, “ದಾದಾಪೀರ್ ಮೇಸ್ತ್ರಿ ಕೈ ಹಾಕಿದ ಬ್ರೇಕು ಇವತ್ತಿನತನಕ ಒಂದೂ ಸೋತಿಲ್ಲ” ಅಂದ. ಜನ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ ಕೂತಿದ್ದನ್ನು ನೋಡಿ ಮೇಸ್ತ್ರಿಗೆ ಎಷ್ಟು ವಿನಯ ಎಂದು ಮಾತಾಡಿಕೊಂಡರಂತೆ. ಆ ಚಪ್ಪಾಳೆ ನನಗೆ ಕಪಾಳಕ್ಕೆ ಬಿದ್ದ ಹಾಗಿತ್ತು. ಒಂದು ಸೋತಿದೆ. ಅದು ಸೋಲುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು.

ಮೊದಲಿನಿಂದ ಹೇಳುತ್ತೇನೆ. ನಮ್ಮದು ಹತ್ತಿ ಹಿಂಜುವ ಮನೆತನ. ಅಪ್ಪ ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ಗಾದಿ ತುಂಬುತ್ತಿದ್ದ. ನನಗೆ ಅದು ಒಗ್ಗಲಿಲ್ಲ. ಲಾರಿ ಬ್ರೇಕಿನ ಉಸ್ತಾದರೊಬ್ಬರ ಕೈಕೆಳಗೆ ಸೇರಿದೆ. ಆಗೆಲ್ಲ ಡ್ರಮ್ ಬ್ರೇಕು. ಸವೆದ ಲೈನಿಂಗ್ ಕಿತ್ತು ಹೊಸದಕ್ಕೆ ರಿವಿಟ್ ಹೊಡೆಯುವುದೇ ಕೆಲಸ. ಡ್ರಮ್ ಬಿಚ್ಚಿದರೆ ಒಳಗೆ ಹಿಡಿಗಟ್ಟಲೆ ಬೂದು ಬಣ್ಣದ ಪುಡಿ. ಅದನ್ನು ಬಾಯಿಂದ ಊದಿ ತೆಗೆಯುತ್ತಿದ್ದೆವು. ಅದರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ, ಎದೆಗೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ ಎಂದು ಲೈನಿಂಗ್ ಮಾರುವವರಿಗೆ ಗೊತ್ತಿತ್ತು. ಊದುವ ನಮಗೆ ಯಾರೂ ಹೇಳಲಿಲ್ಲ. ಉಸ್ತಾದರು ಕೊನೆಯ ಮೂರು ವರ್ಷ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದರು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಈಗಿನ ಹುಡುಗರಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ ನಗುತ್ತಾರೆ. ನಗಲಿ, ಆದರೆ ಕಟ್ಟಿಕೊಳ್ಳಲಿ.

ಕಾರುಗಳಿಗೆ ಡಿಸ್ಕ್ ಬ್ರೇಕ್ ಬಂದಾಗ ನಾವು ಡ್ರಮ್ಮಿನವರು ಹೊಸದಾಗಿ ಓನಾಮ ತಿದ್ದಬೇಕಾಯಿತು. ನಾನು ಮಾಡಿದ ಮೊದಲ ಅವಾಂತರ ಇವತ್ತಿಗೂ ನಗು ತರಿಸುತ್ತದೆ. ರೂಪನಗುಡಿಯ ಮೇಷ್ಟ್ರೊಬ್ಬರ ಕಾರಿಗೆ ಒಳಗಿನ ಪ್ಯಾಡನ್ನು ಹಿಂದುಮುಂದಾಗಿ ಕೂರಿಸಿ ಕಳಿಸಿದ್ದೆ. ಉಜ್ಜುವ ಮಸಾಲೆಯ ಮುಖ ಆಚೆಗೆ, ಬೆನ್ನಿನ ತಗಡು ಡಿಸ್ಕಿಗೆ. ಅವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹಲಕುಂದಿ ಮಠಕ್ಕೆ ಹೋಗಿ, ಅಲ್ಲಿಂದ ನೇರ ನನ್ನ ಶೆಡ್ಡಿಗೆ ಬಂದರು.

“ಏನ್ ಮೇಸ್ತ್ರಿ, ಮಠದ ಮುಂದ ಬ್ರೇಕ್ ಹಾಕಿದ್ರ ಒಳಗಿದ್ದ ಮಂದಿ ಎಲ್ಲಾ ಹೊರಗ ಬಂದ್ರು. ಯಾರು ಅಳಾಕ ಹತ್ಯಾರ ಅಂತ ಕೇಳಿದ್ರು. ನನ್ನ ಗಾಡಿರಿ ಅಂದೆ.”

ಮೇಷ್ಟ್ರು ಒಳ್ಳೆಯವರು, ಅಷ್ಟಕ್ಕೇ ಬಿಟ್ಟರು. ತಗಡು ಗೀರಿ ಹಾಳಾದ ಡಿಸ್ಕಿನ ಬದಲು ಹೊಸದನ್ನು ನನ್ನ ಖರ್ಚಿನಲ್ಲೇ ಹಾಕಿಕೊಟ್ಟೆ. ಆ ತಪ್ಪು ಕೂಗಿ ಹೇಳುವ ತಪ್ಪಾಗಿತ್ತು, ಆದ್ದರಿಂದ ಯಾರ ಜೀವಕ್ಕೂ ಕುತ್ತು ಬರಲಿಲ್ಲ. ಸುಮ್ಮನಿರುವ ತಪ್ಪುಗಳಿಗೆ ಹೆದರಬೇಕು.

ಆಮೇಲೆ ಗಣಿಯ ಕಾಲ ಬಂತು. ಊರಿನ ಗಿಡ, ಗೋಡೆ, ಒಣಹಾಕಿದ ಅಂಗಿ ಎಲ್ಲ ಕೆಂಪು. ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ನಿನ್ನೆಯವರೆಗೆ ಬೈಕಿನಲ್ಲಿ ಓಡಾಡುತ್ತಿದ್ದವರ ಮನೆ ಮುಂದೆ ನಾವು ಹೆಸರು ಕೂಡ ಕೇಳಿರದ ಗಾಡಿಗಳು ಬಂದು ನಿಂತವು. ಅಂಥ ಒಂದು ಗಾಡಿ ನನ್ನ ಕೈಗೆ ಬಂತು. ಅದರ ಯಜಮಾನನ ಹೆಸರು ಬೇಡ, ಎಲ್ಲರೂ ಕರೆಯುತ್ತಿದ್ದಂತೆ ಧಣಿ ಎಂದರೆ ಸಾಕು. ಸಂಡೂರಿನ ಕಡೆ ಗುಡ್ಡದಲ್ಲಿ ಗಣಿ, ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ, ಬಳ್ಳಾರಿಯಲ್ಲಿ ಮನೆ. ವ್ಯವಹಾರವನ್ನೆಲ್ಲ ನೋಡುತ್ತಿದ್ದವನು ಪ್ರಸಾದ್ ಎಂಬ ಮ್ಯಾನೇಜರು. ಗಾಡಿ ಓಡಿಸುತ್ತಿದ್ದವನು ಕುರುಗೋಡಿನ ಗಾದಿಲಿಂಗಪ್ಪ.

ಗಾದಿಲಿಂಗಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ಯಾಡ್ ಬಿಚ್ಚಿ ನೋಡಿದರೆ ಡ್ರೈವರನ ಗುಣ ತಿಳಿಯುತ್ತದೆ. ಕೊನೆಯ ಗಳಿಗೆಯಲ್ಲಿ ಜಾಡಿಸಿ ತುಳಿಯುವವನ ಪ್ಯಾಡ್ ಅಂಚಿನಲ್ಲಿ ಸುಟ್ಟು ಪುಡಿಯಾಗಿರುತ್ತದೆ, ಡಿಸ್ಕಿನ ಮೇಲೆ ನೀಲಿ ಕಲೆ ಎದ್ದಿರುತ್ತದೆ. ಗಾದಿಲಿಂಗಪ್ಪನ ಪ್ಯಾಡ್ ನಾಲ್ಕೂ ಮೂಲೆಯಲ್ಲಿ ಸಮ ಸವೆಯುತ್ತಿತ್ತು. ಧಣಿ ತಾನೇ ಗಾಡಿ ತೆಗೆದುಕೊಂಡು ಹೋದ ವಾರ ಮಾತ್ರ ನೀಲಿ ಕಾಣುತ್ತಿತ್ತು. ಅಂಥ ಮೆತ್ತಗಿನ ಕಾಲು ನಾನು ಮತ್ತೊಬ್ಬರಲ್ಲಿ ಕಂಡಿಲ್ಲ. ನನ್ನನ್ನು ಅವನು ಮಾಮ ಎನ್ನುತ್ತಿದ್ದ. ನಾನು ಅವನನ್ನು ಗಾದಿ ಎನ್ನುತ್ತಿದ್ದೆ.

ಒಂದು ದಿನ ಧಣಿಯೇ ಶೆಡ್ಡಿಗೆ ಬಂದ. ಮುಂದಿನ ಎರಡೂ ಡಿಸ್ಕ್ ಸವೆದಿದ್ದವು, ಪ್ಯಾಡ್ ಮುಗಿದಿತ್ತು. ಎರಡು ಟನ್ನು ದಾಟಿದ ಗಾಡಿ, ಓಟವೋ ಬಿರುಗಾಳಿ. ಅದರ ಡಿಸ್ಕ್ ನಮ್ಮ ಮನೆಯ ಊಟದ ತಟ್ಟೆಗಿಂತ ಅಗಲ. ಮೂರು ನಮೂನೆಯ ಡಿಸ್ಕ್ ತರಿಸಿ ಮೇಜಿನ ಮೇಲಿಟ್ಟಿದ್ದೆ. ಒಂದು ಸಾದಾ, ಒಂದು ಗೆರೆ ಕೊರೆದದ್ದು, ಒಂದು ಮೈತುಂಬ ತೂತು ಹೊಡೆದದ್ದು.

“ಧಣಿ, ಸಾದಾದ್ದ ಹಾಕೋಣ. ಕಂಪನಿಯವರು ಕೊಟ್ಟಂಥಾದ್ದ ಐತಿ ಇದು. ನಿಮ್ಮ ಗಾಡಿ ದಿನಾ ಗುಡ್ಡ ಹತ್ತಿ ಇಳೀತೈತಿ. ಅದಿರಿನ ಧೂಳು ತೂತಿನ್ಯಾಗ ಕುಂತ್ರ ಉಸಿರು ಕಟ್ಟತೈತಿ. ಕಾದಾಗ ಬಿರುಕು ಮೊದ್ಲು ಬಿಡೂದ ತೂತಿನ ಬಾಯಾಗ.”

ಧಣಿ ಸಾದಾ ಡಿಸ್ಕನ್ನು ಬೆರಳಿನಿಂದ ದೂಡಿದ. “ಆ ಹೊಸಪೇಟಿಯವನ ಗಾಡಿ ನೋಡೀಯೇನ್ ಸಾಬ್? ಚಕ್ರದಾಗಿಂದ ತೂತಿನ ಡಿಸ್ಕ್ ಹೆಂಗ್ ಕಾಣತಾವು! ನನ್ನ ಗಾಡಿಯಾಗ ಏನ್ ಕಾಣತೈತಿ? ರೊಟ್ಟಿ ಹಂಚು.”

“ಗೆರಿ ಹೊಡದದ್ದರ ತಗೋರಿ ಹಂಗಾರ. ನೋಡಾಕ ಚಂದ ಐತಿ, ಬಾಳಿಕಿನೂ ಬರತೈತಿ.”

“ತೂತಿಂದು ಹಾಕು. ಪ್ಯಾಡೂ ರೇಸಿನ್ಯಾಗ ಹಾಕೋ ಅಂಥಾದ್ದು ಹಾಕು.”

ರೇಸಿನ ಪ್ಯಾಡಿಗೆ ನಾನು ಒಪ್ಪಲಿಲ್ಲ. ಆ ಪ್ಯಾಡ್ ಬಿಸಿಯಾದ ಮೇಲೆ ಹಿಡಿಯುವಂಥದ್ದು, ಬೆಳಿಗ್ಗೆ ತಣ್ಣಗಿದ್ದಾಗ ಮೊದಲ ತುಳಿತಕ್ಕೆ ಜಾರುತ್ತದೆ, ಮನೆ ಗೇಟಿನಲ್ಲೇ ಗೋಡೆಗೆ ಗುದ್ದೀರಿ ಎಂದು ಹೆದರಿಸಿದೆ. ಧಣಿ ನಕ್ಕು ಒಪ್ಪಿಕೊಂಡ. ಪ್ಯಾಡಿನಲ್ಲಿ ಗೆದ್ದೆ, ಡಿಸ್ಕಿನಲ್ಲಿ ಸೋತೆ. ಅರ್ಧ ಗೆದ್ದೆನಲ್ಲ ಎಂದು ಅವತ್ತು ನನಗೆ ಖುಷಿಯೂ ಆಗಿತ್ತು. ಆ ಖುಷಿ ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ನಾನು ಹಾಕುವುದಿಲ್ಲ, ಬೇರೆ ಕಡೆ ಹೋಗಿ ಎನ್ನಲು ನನಗೆ ಬಾಯಿ ಇರಲಿಲ್ಲವೇ? ಅಂಥ ಗಾಡಿ ನನ್ನ ಶೆಡ್ಡಿನ ಮುಂದೆ ನಿಂತರೆ ನಾಲ್ಕು ಜನ ನೋಡುತ್ತಾರೆ ಎಂಬ ಚಪಲ ನನಗೂ ಇತ್ತು.

ತೂತಿನ ಡಿಸ್ಕ್ ತಾನಾಗಿ ಅಷ್ಟು ಬೇಗ ಹಾಳಾಗುತ್ತಿರಲಿಲ್ಲ. ಹಾಳು ಮಾಡಿದ್ದು ನೀರು. ಧಣಿಯ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಕೆಂಪು ಧೂಳು ಹತ್ತಿದ ಗಾಡಿ ಅಂಗಳಕ್ಕೆ ಬರಕೂಡದು. ಮನೆ, ಗಾಡಿ, ಮೈಮೇಲಿನ ಬಂಗಾರ ಎಲ್ಲ ಆ ಧೂಳಿನಿಂದಲೇ ಬಂದದ್ದು, ಆದರೆ ಧೂಳು ಮಾತ್ರ ಕಣ್ಣಿಗೆ ಬೀಳಬಾರದು. ಅದಕ್ಕೆಂದೇ ಗುಡ್ಡದ ಬುಡದಲ್ಲಿ ಗಾಡಿ ತೊಳೆಯುವ ಶೆಡ್ಡು ಕಟ್ಟಿಸಿದ್ದ. ಗುಡ್ಡ ಇಳಿದು ಡಿಸ್ಕ್ ಕೆಂಡದಂತೆ ಕಾದಿರುವಾಗಲೇ ಅಲ್ಲಿ ನಿಲ್ಲಿಸಿ ಜೋರು ನೀರು ಬಿಡುತ್ತಿದ್ದರು. ಪೈಪು ಇದ್ದದ್ದು ಬಲಗಡೆ. ಮೊದಲ ನೀರು ಬೀಳುತ್ತಿದ್ದದ್ದು ಮುಂದಿನ ಬಲ ಚಕ್ರಕ್ಕೆ.

ಇದು ನನಗೆ ತಿಳಿದದ್ದು ಗಾದಿಲಿಂಗಪ್ಪನ ಬಾಯಿಂದ. “ಚಕ್ರಕ್ಕ ನೀರು ಬಿಟ್ಟ ಕೂಡ್ಲೆ ಚುಂಯ್ ಅಂತೈತಿ ಮಾಮ. ಕಾದ ಹಂಚಿನ ಮ್ಯಾಲ ಚೆಲ್ಲಿದಂಗ.”

“ಲೇ ಗಾದಿ, ಅರ್ಧ ತಾಸು ಆರಾಕ ಬಿಟ್ಟು ತೊಳಿಸಬೇಕಲೇ!”

“ಹಿಂದಿನ ಸೀಟಿನ್ಯಾಗ ಧಣ್ಯಾರು ಕುಂತಿರ್ತಾರ. ಅರ್ಧ ತಾಸು ತಡೀರಿ ಅಂತ ನಾ ಹೇಳ್ಲೇನು? ನೀನ ಹೇಳು ಮಾಮ.”

ನಾನು ಪ್ರಸಾದನಿಗೆ ಹೇಳಿದೆ. “ಕಾರುಕಿ ಕೂಡಾ ರೆಸ್ಟು ಕಾವಾಲಾ?” ಎಂದು ತೆಲುಗಿನಲ್ಲಿ ನಕ್ಕ. ಕಾರಿಗೂ ವಿಶ್ರಾಂತಿ ಬೇಕಂತೆ ಎಂದು ಪಕ್ಕದವರಿಗೂ ಹೇಳಿ ನಗಿಸಿದ. ಮೂರು ಸಲ ಹೇಳಿದೆ, ಮೂರು ಸಲವೂ ನಗು. ನಾಲ್ಕನೆಯ ಸಲ ಹೇಳಲಿಲ್ಲ.

ಕೆಲವು ತಿಂಗಳ ಮೇಲೆ ಗಾದಿಲಿಂಗಪ್ಪ ಒಬ್ಬನೇ ಗಾಡಿ ತಂದ. “ಬ್ರೇಕ್ ಹಿಡಿದ್ರ ಪೆಡಲ್ ಕಾಲಾಗ ನಡುಗಾಕ ಹತ್ತೈತಿ ಮಾಮ. ನನಗ್ಯಾಕೋ ಚಲೋ ಅನಸವಲ್ದು.”

ಎರಡೂ ಡಿಸ್ಕ್ ಬಿಚ್ಚಿದೆ. ಡಿಸ್ಕ್ ಬೀಡು ಕಬ್ಬಿಣದ್ದು, ಪರೀಕ್ಷಿಸುವುದು ಸುಲಭ. ಡಿಸ್ಕನ್ನು ಬೆರಳಿಗೆ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ಬಡಿಯಬೇಕು. ಗಟ್ಟಿ ಇದ್ದರೆ ಗಂಟೆಯ ಹಾಗೆ ಸದ್ದು ಎಳೆಯುತ್ತದೆ. ಎಡಗಡೆಯದು ಟಣ್ ಎಂದಿತು. ಬಲಗಡೆಯದು ಒಡಕು ಮಡಕೆಯ ಹಾಗೆ ಬದ್ ಎಂದಿತು. ಬೆಳಕಿಗೆ ಹಿಡಿದರೆ ತೂತಿನಿಂದ ತೂತಿಗೆ ಕೂದಲೆಳೆಯಂಥ ಬಿರುಕು ಓಡಿ ಅಂಚು ಮುಟ್ಟಿತ್ತು. ಗಾದಿಲಿಂಗಪ್ಪನೂ ಆ ಸದ್ದು ಕೇಳಿದ. ಇಬ್ಬರೂ ಮುಖ ನೋಡಿಕೊಂಡೆವು.

ಪ್ರಸಾದನಿಗೆ ಫೋನ್ ಮಾಡಿದೆ. ಹೊಸ ಡಿಸ್ಕ್ ಬರಲು ವಾರ ಬೇಕು. ಬಿಚ್ಚಿಟ್ಟ ಹಳೆಯ ಸಾದಾ ಡಿಸ್ಕ್ ನನ್ನ ಶೆಡ್ಡಿನಲ್ಲೇ ಇದ್ದವು. ತೆಳ್ಳಗಾಗಿದ್ದರೂ ಬಿರುಕಿರಲಿಲ್ಲ. ಅವನ್ನು ಹಾಕಿಕೊಡುತ್ತೇನೆ, ಒಂದು ವಾರ ನಿಧಾನ ಓಡಿಸಲಿ ಎಂದೆ.

“ಈ ವಾರ ಚೀನಾದಿಂದ ಅದಿರು ಕೊಳ್ಳೋ ಪಾರ್ಟಿ ಬರಾಕ ಹತ್ಯಾರ. ಅವ್ರ ಮುಂದ ತುಕ್ಕು ಹಿಡದ ಹಂಚು ತೋರಿಸ್ಲೇನು? ಇದ್ದದ್ದ ಇರ್ಲಿ, ಗಾಡಿ ಕಳಸು,” ಎಂದು ಫೋನ್ ಇಟ್ಟ.

ಗಾಡಿಯ ಕೀಲಿ ನನ್ನ ಕಿಸೆಯಲ್ಲಿತ್ತು. ಇದನ್ನು ಓದುವ ಹುಡುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ನಿಮ್ಮ ಕಸುಬಿನಲ್ಲಿ ಪ್ಯಾಡ್ ಆರಿಸುವುದು, ಡಿಸ್ಕ್ ಆರಿಸುವುದು ಎಲ್ಲ ಆಮೇಲಿನ ಮಾತು. ಕೀಲಿ ಕೊಡುವುದೋ ಬೇಡವೋ ಎಂದು ಆರಿಸುವ ದಿನ ಒಂದು ಬಂದೇ ಬರುತ್ತದೆ. ನಾನು ಒಡಕು ಡಿಸ್ಕನ್ನು ಮತ್ತೆ ಕೂರಿಸಿ, ಬೋಲ್ಟು ಬಿಗಿದು, ಕೀಲಿಯನ್ನು ಗಾದಿಲಿಂಗಪ್ಪನ ಕೈಗಿಟ್ಟು, “ಹುಷಾರಾಗಿ ಓಡಿಸು” ಎಂದೆ. ಎಂಥ ಷಂಡ ಮಾತು! ಹುಷಾರು ಎಂದರೆ ಬಿರುಕು ಕೂಡಿಕೊಳ್ಳುತ್ತದೆಯೇ?

ಮೂರನೆಯ ದಿನ ಬೆಳಿಗ್ಗೆ ಅವನು ಖಾಲಿ ಗಾಡಿ ತೆಗೆದುಕೊಂಡು ಸಿರುಗುಪ್ಪದ ಗಿರಣಿಗೆ ಹೊರಟಿದ್ದ. ದೇಶನೂರಿನ ಹತ್ತಿರ ಗದ್ದೆಯ ಕಡೆಯಿಂದ ಒಂದು ಟ್ರಾಕ್ಟರು ರಸ್ತೆಗೆ ನುಗ್ಗಿತು. ರಸ್ತೆಯ ಎಡ ಅಂಚಿನಲ್ಲಿ ಆ ಊರಿನ ರೈತನೊಬ್ಬ ಸೈಕಲ್ಲಿನ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡು ಹೋಗುತ್ತಿದ್ದ. ಗಾಡಿ ಟ್ರಾಕ್ಟರಿಗೆ ತಾಗಲಿಲ್ಲ. ಎಡಕ್ಕೆ ಎಳೆದು ಸೈಕಲ್ಲಿಗೆ ಗುದ್ದಿ ಕಾಲುವೆಯ ದಂಡೆಗೆ ಬಡಿದು ನಿಂತಿತು. ರೈತ ಅಲ್ಲೇ ಸತ್ತ. ಟ್ರಾಕ್ಟರಿನವನು ನಿಲ್ಲಿಸದೆ ಹೋಗಿಬಿಟ್ಟ. ಗಾದಿಲಿಂಗಪ್ಪನ ತಲೆ ಕಿಟಕಿಗೆ ಬಡಿದು ಎರಡು ದಿನ ಎಚ್ಚರವಿರಲಿಲ್ಲ.

ಗಾಡಿಯನ್ನು ಯಾರು, ಯಾವಾಗ ಗಿರಣಿಯ ಅಂಗಳಕ್ಕೆ ಎಳೆದು ತಂದರೋ ನಾನು ಕೇಳಲಿಲ್ಲ. ಪ್ರಸಾದ್ ಜೀಪು ಕಳಿಸಿದ. ಹಳೆಯ ಡಿಸ್ಕ್ ತೆಗೆದುಕೊಂಡು ಬಾ ಎಂದು ಹೇಳಿ ಕಳಿಸಿದ್ದ. ತೆಗೆದುಕೊಂಡು ಹೋದೆ. ಬಲ ಚಕ್ರ ಬಿಚ್ಚಿದರೆ ಡಿಸ್ಕಿನ ಕಾಲು ಭಾಗ ಇರಲೇ ಇಲ್ಲ, ಪ್ಯಾಡ್ ಹೊರಗೆ ಜಾರಿತ್ತು. ಎಡಗಡೆಯದು ಗಟ್ಟಿಮುಟ್ಟಾಗಿತ್ತು. ನನ್ನ ಈ ಕೈಗಳಿಂದ ಎರಡನ್ನೂ ತೆಗೆದು ಹಳೆಯ ಸಾದಾ ಡಿಸ್ಕ್ ಹಾಕಿದೆ. ಮಧ್ಯಾಹ್ನ ಗಾಡಿ ತಪಾಸಣೆಯ ಅಧಿಕಾರಿ ಬಂದು ಪೆಡಲ್ ಒತ್ತಿ ನೋಡಿದರು.

“ಏನ್ ಮೇಸ್ತ್ರಿ, ಬ್ರೇಕ್ ಚಲೋ ಐತಲ್ಲ?”

“ಐತ್ರಿ,” ಎಂದೆ. ಬ್ರೇಕ್ ಸರಿ ಇದೆ ಎಂದು ಬರೆದ ಕಾಗದಕ್ಕೆ ಸಹಿ ಹಾಕಿದೆ.

ಧಣಿಗೆ ಹೆದರಿ ಹೀಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಬರೀ ಸುಳ್ಳು. ಒಡಕು ಡಿಸ್ಕ್ ಗೊತ್ತಿದ್ದೂ ಕಳಿಸಿದ ಮೇಸ್ತ್ರಿ ಎಂಬ ಹೆಸರಿಗೆ ಹೆದರಿದ್ದೆ. ಧಣಿ ತನ್ನ ಗಾಡಿ ಉಳಿಸಿಕೊಂಡ, ನಾನು ನನ್ನ ಹೆಸರು ಉಳಿಸಿಕೊಂಡೆ, ಇಬ್ಬರೂ ಸೇರಿ ಗಾದಿಲಿಂಗಪ್ಪನನ್ನು ಬಲಿ ಕೊಟ್ಟೆವು. ಬ್ರೇಕ್ ಸರಿ ಇತ್ತು, ಡ್ರೈವರ್ ತೂಕಡಿಸಿ ಎಡಕ್ಕೆ ಬಿಟ್ಟ ಎಂದು ತೀರ್ಮಾನವಾಯಿತು. ಅವನಿಗೆ ಜೈಲಾಯಿತು, ಲೈಸೆನ್ಸ್ ಹೋಯಿತು. ನಡುಗುವ ಪೆಡಲಿನ ಮಾತು ಅವನು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಸ್ತ್ರಿಯ ಸಹಿ ಇತ್ತಲ್ಲ.

ಧಣಿಯ ಉಳಿದ ಗಾಡಿಗಳೂ ನನ್ನ ಶೆಡ್ಡಿಗೇ ಬರತೊಡಗಿದವು. ನಾನು ಬಿಚ್ಚಿದೆ, ಹಾಕಿದೆ. ಮುಂದೆ ಗಣಿಗಳು ನಿಂತವು, ಊರು ತೊಳೆದ ಹಾಗಾಯಿತು. ಧಣಿ ಈಗ ಕಲ್ಯಾಣ ಮಂಟಪ ಕಟ್ಟಿಸಿಕೊಂಡು ಎಲ್ಲರ ಮದುವೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಾನೆ. ಸಿಟ್ಟು ಬರುವುದಿಲ್ಲವೇ ಎಂದರೆ, ಬರುತ್ತದೆ. ಆದರೆ ಅವನ ಮೇಲೆ ಬಂದ ಸಿಟ್ಟು ತಿರುಗಿ ನನ್ನ ಹತ್ತಿರವೇ ಬಂದು ಕೂರುತ್ತದೆ.

ಶಾಲು ಹೊದಿಸಿದ ಮರುವಾರ ಕುರುಗೋಡಿಗೆ ಬಸ್ಸು ಹತ್ತಿದೆ. ಗಾದಿಲಿಂಗಪ್ಪ ಹತ್ತಿ ಗಿರಣಿಯೊಂದರಲ್ಲಿ ಕಾವಲಿಗಿದ್ದಾನೆ ಎಂದು ಕೇಳಿದ್ದೆ. ಮನೆಯ ಕಟ್ಟೆಯ ಮೇಲೆ ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದ.

“ಬಾ ಮಾಮ. ಎಷ್ಟ್ ವರ್ಷಾತು! ಕಾಲು ನೋವೇನು? ಕುಂದ್ರು.”

ಆ ಪ್ರೀತಿ ತಡೆಯಲು ಆಗಲಿಲ್ಲ. ನಿಂತುಕೊಂಡೇ ಕೇಳಿದೆ, “ಗಾದಿ, ಅವತ್ತು ದೇಶನೂರಾಗ ಏನಾತು, ನಿನಗ ನೆನಪೈತೇನು?”

“ಇಲ್ಲ ಮಾಮ. ಟ್ರಾಕ್ಟರ್ ಕಂಡದ್ದು ನೆನಪೈತಿ, ಅಷ್ಟ. ಕಣ್ಣು ಮುಚ್ಚಿರಬೇಕು. ಎಲ್ಲಾರೂ ಹಂಗ ಅಂದ್ರು. ಮೊದ್ಲು ನಾನು ಒಪ್ಪಲಿಲ್ಲ. ಆಮ್ಯಾಲ ಜೈಲಿನ್ಯಾಗ ಕುಂತು ವಿಚಾರ ಮಾಡಿದೆ. ಡಿಸ್ಕ್ ಒಡಕ ಇತ್ತು ಖರೆ, ಆದ್ರ ಬ್ರೇಕ್ ಸೋತಿಲ್ಲಂತ ನಿನ್ನ ಸಹಿನ ಇತ್ತಲ್ಲ. ನಿದ್ದಿ ಹತ್ತದಿದ್ರ ಗಾಡಿ ಎಡಕ್ಕ ಯಾಕ ಹೋಗತಿತ್ತು? ಒಂದು ಜೀವ ತಗಂಡೀನಿ ಮಾಮ.”

“ನಿದ್ದಿ ಹತ್ತಿದ್ರ ಗಾಡಿ ನೆಟ್ಟಗ ಹೋಗಿ ಟ್ರಾಕ್ಟರಿಗೆ ಹೊಡೀತಿತ್ತು. ಬಲಗಡಿ ಡಿಸ್ಕ್ ಒಡದಿತ್ತು ಗಾದಿ. ಎಡಗಡೀದು ಒಂದ ಹಿಡೀತು. ಅದಕ್ಕ ಎಡಕ್ಕ ಎಳೀತು. ನೀನು ಬ್ರೇಕ್ ತುಳದಿದ್ದಕ್ಕ ಅದು ಎಡಕ್ಕ ಹೋಗಿದ್ದು. ಒಡದ ಡಿಸ್ಕ್ ಬಿಚ್ಚಿ, ಹಳೇದು ಹಾಕಿ, ಸಹಿ ಮಾಡಿದಾವ ನಾನು.”

ಅವನು ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಒಳಗೆ ತಿರುಗಿ ಹೆಂಡತಿಯನ್ನು ಕರೆದ. “ಈರಮ್ಮಾ, ಹೊರಗ ಬಾ.” ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. “ಈಗ ಹೇಳಿದ್ದು ಇನ್ನೊಮ್ಮೆ ಹೇಳ್ರಿ ಸಾಬ್ರೆ,” ಎಂದ. ನಾನು ಅವನಿಗೆ ಮಾಮನಾಗಿ ಉಳಿದಿರಲಿಲ್ಲ. ಇನ್ನೊಮ್ಮೆ ಹೇಳಿದೆ.

ಈರಮ್ಮ ಅಲ್ಲೇ ಕುಸಿದು ಕೂತಳು. “ಇಷ್ಟು ವರ್ಷ ಎಲ್ಲಿದ್ರಿ ನೀವು? ನಡುರಾತ್ರ್ಯಾಗ ಎದ್ದು ಕುಂದರತಾನ್ರಿ ಈ ಮನಷ್ಯಾ. ಮಗಾ ಬೈಕ್ ತಂದ್ರ ಮುಟ್ಟಲಿಲ್ಲ. ವರ್ಷಾ ವರ್ಷಾ ದೇಶನೂರಿಗೆ ಹೋಗಿ ಆ ಸತ್ತಾವನ ಹೆಂಡ್ತಿ ಮನಿ ಮುಂದ ಕುಂತು, ಅವರು ಬೈದದ್ದು ಕೇಳಿ ಬರತಾನ. ನಿಮಗ ಬಸ್ಸು ಇವತ್ತ ಸಿಕ್ತೇನು?”

ಗಾದಿಲಿಂಗಪ್ಪ ಒಳಗೆ ಹೋಗಿ ಬೇರೆ ಅಂಗಿ ಹಾಕಿಕೊಂಡು ಬಂದ.

“ನಡೀರಿ ಸಾಬ್ರೆ.”

“ಎಲ್ಲಿಗೆ?”

“ದೇಶನೂರಿಗೆ. ಅವರಿಗೂ ಹೇಳಬೇಕಲ್ಲ.”

ನಾನು ಚಪ್ಪಲಿ ಮೆಟ್ಟಿಕೊಂಡೆ.